ವೈಫೈ ಪ್ರಿಂಟರ್ ಸಂಪರ್ಕಗೊಳ್ಳದಿದ್ದಾಗ ಪರಿಶೀಲಿಸಬೇಕಾದ ಅಂಶಗಳು

ಝಳಕಿ ಭಾಗದ ಗ್ರಾಮಗಳಲ್ಲಿ ಇ-ಸ್ವತ್ತು ನಮೂನೆ 9 ಅಥವಾ 11ಬಿ ಪಡೆಯಲು ಕೂಲಿ ಬಿಟ್ಟು ಬಂದವರು ಪ್ರಿಂಟರ್ ಕೆಟ್ಟಿದೆಯೆಂಬ ಕಾರಣಕ್ಕೆ ಬರಿಗೈಯಲ್ಲಿ ಮರಳಿದರೆ, ಅವರಿಗೆ ಒಂದು ದಿನದ ದುಡಿಮೆ ನಷ್ಟವಾಗುತ್ತದೆ. ಹೊಸ ಪ್ರಿಂಟರ್ ಖರೀದಿಯ ಪ್ರಸ್ತಾವನೆ ಸಭೆಯ ಮುಂದೆ ಬಂದಲ್ಲಿ, ಕೆಳಕಂಡ ಪರಿಶೀಲನೆ ನಡೆದಿದೆಯೇ ಎಂದು ಮಾನ್ಯ ಸದಸ್ಯರು ವಿಚಾರಿಸುವುದು ಸೂಕ್ತ.

1. ಮೊದಲು ಯುಎಸ್‌ಬಿ ಕೇಬಲ್ ಜೋಡಿಸಿ ನೋಡುವುದು. ಮುದ್ರಣವಾದಲ್ಲಿ ಯಂತ್ರವು ಸುಸ್ಥಿತಿಯಲ್ಲಿದ್ದು, ದೋಷವು ವೈಫೈ ಸಂಪರ್ಕದಲ್ಲಿದೆ ಎಂದರ್ಥ. ಅಂದಿನ ಕೆಲಸವೂ ನಿಲ್ಲುವುದಿಲ್ಲ.

2. ಅಂತರ್ಜಾಲ ಸ್ಥಗಿತಗೊಂಡಾಗ ಕಂಪ್ಯೂಟರನ್ನು ಮೊಬೈಲ್ ಹಾಟ್‌ಸ್ಪಾಟ್‌ಗೆ ಜೋಡಿಸುವುದು ರೂಢಿ. ಆಗ ಪ್ರಿಂಟರ್ ಕಚೇರಿಯ ರೌಟರ್‌ನಲ್ಲೇ ಉಳಿಯುವುದರಿಂದ ಸಂಪರ್ಕ ತಪ್ಪುತ್ತದೆ. ಎರಡೂ ಒಂದೇ ಜಾಲದಲ್ಲಿರಬೇಕು. ಈಗಾಗಲೇ ಡೌನ್‌ಲೋಡ್ ಆದ ಕಡತದ ಮುದ್ರಣಕ್ಕೆ ಅಂತರ್ಜಾಲದ ಅವಶ್ಯಕತೆಯಿಲ್ಲ.

3. ಅನೇಕ ಪ್ರಿಂಟರ್‌ಗಳು 2.4 ಗಿಗಾಹರ್ಟ್ಸ್ ವೈಫೈಯನ್ನು ಮಾತ್ರ ಗುರುತಿಸುತ್ತವೆ. ರೌಟರ್‌ನಲ್ಲಿ 5 ಗಿಗಾಹರ್ಟ್ಸ್ ಮಾತ್ರ ಚಾಲನೆಯಲ್ಲಿದ್ದರೆ ಅವುಗಳಿಗೆ ಜಾಲವೇ ಕಾಣಿಸದು.

4. ರೌಟರ್ ಅಥವಾ ಪಾಸ್‌ವರ್ಡ್ ಬದಲಾಗಿದ್ದಲ್ಲಿ ಪ್ರಿಂಟರ್‌ನಲ್ಲಿಯೂ ಹೊಸ ಪಾಸ್‌ವರ್ಡ್ ನಮೂದಿಸಬೇಕು.

5. ವಿದ್ಯುತ್ ಹೋಗಿ ಬಂದ ನಂತರ ರೌಟರ್ ಪ್ರಿಂಟರ್‌ಗೆ ಬೇರೆ ಐಪಿ ವಿಳಾಸ ನೀಡಬಹುದು. ಕಂಪ್ಯೂಟರ್ ಹಳೆಯ ವಿಳಾಸಕ್ಕೇ ಕಡತ ಕಳುಹಿಸುತ್ತಿದ್ದರೆ ‘ಆಫ್‌ಲೈನ್’ ಎಂದು ತೋರಿಸುತ್ತದೆ. ರೌಟರ್‌ನಲ್ಲಿ ಪ್ರಿಂಟರ್‌ಗೆ ಒಂದು ವಿಳಾಸವನ್ನು ಕಾಯ್ದಿರಿಸಿದರೆ ಈ ತೊಂದರೆ ಮರುಕಳಿಸದು. ಪ್ರಿಂಟರ್‌ನ ವಿಳಾಸವು 169.254 ರಿಂದ ಆರಂಭವಾಗಿದ್ದಲ್ಲಿ, ರೌಟರ್‌ನಿಂದ ವಿಳಾಸ ದೊರೆತಿಲ್ಲವೆಂದು ತಿಳಿಯಬೇಕು.

ಈ ಪರಿಶೀಲನೆಗಳಿಗೆ ಪಂಚಾಯಿತಿ ನಿಧಿಯಿಂದ ಯಾವುದೇ ವೆಚ್ಚ ತಗಲುವುದಿಲ್ಲ. ಪ್ರತಿ ಕಚೇರಿಯಲ್ಲಿ ಒಂದು ಯುಎಸ್‌ಬಿ ಕೇಬಲ್ ಇರಿಸಿಕೊಳ್ಳುವುದು ಹಾಗೂ ಕಾಯ್ದಿರಿಸಿದ ವಿಳಾಸವನ್ನು ಪ್ರಿಂಟರ್‌ನ ಮೇಲೆ ಬರೆದು ಅಂಟಿಸುವುದು ಅಪೇಕ್ಷಣೀಯ.