ಭಾಷಣ ಒಂದು ಸಾಲದು, ಬಕೆಟ್ ಎರಡು ಬೇಕು

ಜೂನ್ 5 ಬಂತೆಂದರೆ ವಿಶ್ವ ಪರಿಸರ ದಿನಾಚರಣೆ. ನಮ್ಮ ಸಂಘ-ಸಂಸ್ಥೆಗಳಲ್ಲಿ ಗಿಡ ನೆಡುವ ಕಾರ್ಯಕ್ರಮ, ಗಣ್ಯರ ಹಿತನುಡಿ, ಸಾಮೂಹಿಕ ಪ್ರತಿಜ್ಞೆ ಎಲ್ಲವೂ ಸಾಂಗವಾಗಿ ನೆರವೇರುತ್ತವೆ. ಸಭೆ ಮುಗಿದ ಮೇಲೆ ಕುರ್ಚಿಗಳ ಕೆಳಗೆ ನೋಡಿದರೆ ಅರ್ಧ ಕುಡಿದು ಬಿಟ್ಟ ನೀರಿನ ಬಾಟಲಿಗಳು ಉರುಳಾಡುತ್ತಿರುತ್ತವೆ. ಭಾಷಣ ಕೇಳಿದವರಿಗೆ ಪರಿಸರದ ಕಾಳಜಿ ಇಲ್ಲವೆಂದಲ್ಲ. ಬಾಯಾರಿದಾಗ ಅವರ ಕೈಗೆ ಸಿಕ್ಕಿದ್ದು ಬಾಟಲಿ ಮಾತ್ರ. ವ್ಯವಸ್ಥೆ ಬದಲಾಗದೆ ಅಭ್ಯಾಸ ಬದಲಾಗದು ಎಂಬುದಕ್ಕೆ ನಮ್ಮ ಕಲ್ಯಾಣ ನಗರಕ್ಕಿಂತ ಒಳ್ಳೆಯ ಉದಾಹರಣೆ ಬೇಕಿಲ್ಲ.

ಆಧಾರವಾಡಿಯ ಪಾಠ

ಕಲ್ಯಾಣ ಪಶ್ಚಿಮದ ಆಧಾರವಾಡಿ ಡಂಪಿಂಗ್ ಗ್ರೌಂಡ್ ಗೊತ್ತಿಲ್ಲದವರು ಈ ಭಾಗದಲ್ಲಿ ಯಾರೂ ಇರಲಿಕ್ಕಿಲ್ಲ. ದಶಕಗಳ ಕಾಲ ಕಲ್ಯಾಣ-ಡೊಂಬಿವಲಿಯ ಹಸಿ ಕಸ, ಒಣ ಕಸ ಎಲ್ಲವೂ ಒಟ್ಟಾಗಿ ಅಲ್ಲಿಗೇ ಬಂದು ಬೀಳುತ್ತಿತ್ತು. ಬೇಸಗೆಯಲ್ಲಿ ಆ ಗುಡ್ಡಕ್ಕೆ ಬೆಂಕಿ ಬಿದ್ದರೆ ಹೊಗೆ ಸುತ್ತಲಿನ ಮನೆಗಳೊಳಗೆ ನುಗ್ಗುತ್ತಿತ್ತು. ಕಸ ವಿಲೇವಾರಿಯ ಈ ಅವ್ಯವಸ್ಥೆಗಾಗಿ 2015ರಲ್ಲಿ ಮುಂಬಯಿ ಉಚ್ಚ ನ್ಯಾಯಾಲಯವು ಕಲ್ಯಾಣ-ಡೊಂಬಿವಲಿಯಲ್ಲಿ ಹೊಸ ಕಟ್ಟಡಗಳ ನಿರ್ಮಾಣಕ್ಕೇ ತಡೆ ಹಾಕಿದ್ದನ್ನು ಹಲವರು ಮರೆತಿರಲಾರರು.

ಕಸ ಬೇರ್ಪಡಿಸಿ ಕೊಡಬೇಕೆಂಬ ನಿಯಮ 2016ರಲ್ಲಿ ದೇಶಕ್ಕೆಲ್ಲ ಬಂದಿತ್ತು. ಫಲಕಗಳೂ ಬಂದವು, ಆದರೆ ಜನರ ರೂಢಿ ಹಾಗೇ ಮುಂದುವರಿಯಿತು. 2020ರ ಮೇ ತಿಂಗಳಲ್ಲಿ ಮಹಾನಗರಪಾಲಿಕೆ 'ಶೂನ್ಯ ಕಚರಾ' ಅಭಿಯಾನ ಕೈಗೊಂಡಾಗ ಮಾತಿನ ಜೊತೆ ಕ್ರಮವೂ ಬಂತು. ರಸ್ತೆಬದಿಯ ಕಸದ ಕುಂಡಿಗಳನ್ನು ತೆಗೆಯಲಾಯಿತು. ಬೆರೆಸಿದ ಕಸವನ್ನು ಘಂಟಾಗಾಡಿಗೆ ತೆಗೆದುಕೊಳ್ಳುವುದಿಲ್ಲ ಎಂದು ತಿಳಿಸಲಾಯಿತು. ಗೊಣಗುತ್ತಲೇ ಮನೆಮನೆಗಳಲ್ಲಿ ಎರಡನೆಯ ಬಕೆಟ್ ಬಂತು. 2021ರ ಮೇ ತಿಂಗಳಲ್ಲಿ ಆಧಾರವಾಡಿಗೆ ಕಸ ಸುರಿಯುವುದು ನಿಂತಿತು.

ದಂಡದ ಭಯ ಎಷ್ಟು ದಿನ?

ಇದಕ್ಕೆ ಹೋಲಿಸಿ ಪ್ಲಾಸ್ಟಿಕ್ ಚೀಲದ ಕತೆ ನೋಡಿ. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ ಒಂದೇ ದಿನ 944 ಮಿ.ಮೀ. ಮಳೆ ಸುರಿದು ಮಹಾನಗರ ಮುಳುಗಿದಾಗ, ಚರಂಡಿ ಕಟ್ಟಿದ ಚೀಲಗಳತ್ತ ಎಲ್ಲರೂ ಬೆರಳು ತೋರಿಸಿದರು. 2006ರಲ್ಲಿ ರಾಜ್ಯ ಸರಕಾರ 50 ಮೈಕ್ರಾನ್‌ಗಿಂತ ತೆಳುವಾದ ಚೀಲ ನಿಷೇಧಿಸಿತು. 2018ರಲ್ಲಿ ನಿಷೇಧ ಇನ್ನಷ್ಟು ಬಿಗಿಯಾಗಿ, ಮೊದಲ ತಪ್ಪಿಗೇ ರೂ. 5,000 ದಂಡ ಎಂದಾಯಿತು. ಆರಂಭದಲ್ಲಿ ಎಲ್ಲರ ಕೈಯಲ್ಲೂ ಬಟ್ಟೆಚೀಲ. ತಪಾಸಣೆ ಸಡಿಲವಾದಂತೆ ತರಕಾರಿ ಮಾರುಕಟ್ಟೆಗೆ ತೆಳು ಚೀಲ ಹಿಂತಿರುಗಿತು. ಕೊಳ್ಳುವವನ ಕೈಯಲ್ಲಿ ಚೀಲ ಇಲ್ಲದಿದ್ದರೆ ಮಾರುವವನಾದರೂ ಏನು ಮಾಡಿಯಾನು?

ಕಚೇರಿಯಲ್ಲೂ ಹೀಗೆಯೇ

ಬ್ಯಾಂಕಿನ ಕೌಂಟರಿನಲ್ಲಿ ಕುಳಿತು ಕಂಡ ಒಂದು ಮಾತು ಹೇಳುತ್ತೇನೆ. ಮೊದಲೆಲ್ಲ ಎ.ಟಿ.ಎಂ.ನಲ್ಲಿ ಹಣದೊಂದಿಗೆ ಚೀಟಿಯೂ ತಾನಾಗಿ ಬರುತ್ತಿತ್ತು. ಜನ ಅದನ್ನು ಅಲ್ಲೇ ಬಿಸಾಡಿ ಹೋಗುತ್ತಿದ್ದರು. 'ಚೀಟಿ ಬೇಕೇ?' ಎಂದು ಯಂತ್ರವೇ ಕೇಳತೊಡಗಿದ ಮೇಲೆ 'ಬೇಡ' ಎನ್ನುವುದು ಸುಲಭವಾಯಿತು. ಎ.ಸಿ.ಯದ್ದೂ ಅದೇ. ಉಷ್ಣತೆಯನ್ನು ಒಂದು ಡಿಗ್ರಿ ಏರಿಸಿದರೆ ಸುಮಾರು ಶೇ. 6ರಷ್ಟು ವಿದ್ಯುತ್ ಉಳಿಯುತ್ತದೆ ಎಂಬುದು ಕೇಂದ್ರ ಸರಕಾರದ ಇಂಧನ ದಕ್ಷತೆ ಬ್ಯೂರೋದ ಅಂದಾಜು. ಬರೇ ಸಲಹೆ ಸಾಲದೆಂದು, 2020ರ ಜನವರಿ 1ರಿಂದ ಸ್ಟಾರ್ ಗುರುತಿನ ಹೊಸ ಎ.ಸಿ.ಗಳು 24 ಡಿಗ್ರಿಯಲ್ಲೇ ಚಾಲೂ ಆಗುವಂತೆ ನಿಯಮ ತಂದರು.

ಪಕ್ಕದವನು ಏನು ಮಾಡುತ್ತಾನೆ ಎಂಬುದೂ ಮುಖ್ಯ. ಹೋಟೆಲ್ ಉದ್ಯಮದಲ್ಲಿರುವ ನಮ್ಮವರಿಗೆ ಇದು ರುಚಿಸೀತು. ಅಮೆರಿಕದ ಒಂದು ಹೋಟೆಲಿನಲ್ಲಿ ಟವೆಲನ್ನು ದಿನವೂ ಒಗೆಯಲು ಹಾಕಬೇಡಿ ಎಂದು ಎರಡು ಬಗೆಯ ಕಾರ್ಡು ಇಟ್ಟು ನೋಡಿದರು. 'ಪರಿಸರ ಉಳಿಸಿ' ಎಂಬ ಕಾರ್ಡಿಗಿಂತ, 'ಇಲ್ಲಿನ ಹೆಚ್ಚಿನ ಅತಿಥಿಗಳು ಅದೇ ಟವೆಲನ್ನು ಮತ್ತೆ ಬಳಸುತ್ತಾರೆ' ಎಂಬ ಕಾರ್ಡಿಗೆ ಹೆಚ್ಚು ಮಂದಿ ಓಗೊಟ್ಟರು. ಇದರ ಸಂಶೋಧನಾ ಲೇಖನ 2008ರಲ್ಲಿ ಪ್ರಕಟವಾಗಿದೆ.

ಊರಿನ ಎಚ್ಚರಿಕೆ

ಕರ್ಮಭೂಮಿಯ ಈ ಸಮಸ್ಯೆ ಜನ್ಮಭೂಮಿಯಲ್ಲೂ ಇದೆ. 2019ರ ಆಗಸ್ಟ್‌ನ ಮಳೆಗೆ ಮಂಗಳೂರಿನ ಪಚ್ಚನಾಡಿಯ ಕಸದ ರಾಶಿ ಕುಸಿದು ಮಂದಾರದ ಮನೆಗಳನ್ನೂ ಅಡಿಕೆ ತೋಟಗಳನ್ನೂ ನುಂಗಿತು. ತಲೆತಲಾಂತರದ ತೋಟ ನೋಡನೋಡುತ್ತಲೇ ಕಸದಡಿ ಹೋಯಿತು. ಅದೇ ಮಂಗಳೂರಿನಲ್ಲಿ ರಾಮಕೃಷ್ಣ ಮಿಷನ್ 2015ರಲ್ಲಿ ಆರಂಭಿಸಿದ ಸ್ವಚ್ಛತಾ ಅಭಿಯಾನದಡಿ ಸ್ವಯಂಸೇವಕರು ಭಾನುವಾರಗಳಂದು ಪೊರಕೆ ಹಿಡಿದರು. ಮುಂದೆ ಮನೆಯಲ್ಲೇ ಮಡಕೆಯಲ್ಲಿ ಗೊಬ್ಬರ ಮಾಡುವುದನ್ನೂ ಕಲಿಸಿದರು. ಒಂದು ದಿನದ ಶ್ರಮದಾನಕ್ಕೆ ನಿಲ್ಲದೆ ವರ್ಷಗಟ್ಟಲೆ ಮುಂದುವರಿಸಿದ್ದು ಅವರ ಹೆಚ್ಚುಗಾರಿಕೆ.

ನಮ್ಮ ಸಂಘಗಳಿಂದಲೇ ಆರಂಭ

ಮುಂದಿನ ವಾರ್ಷಿಕೋತ್ಸವಕ್ಕೆ ಬಾಟಲಿಯ ಬದಲು ನೀರಿನ ಕ್ಯಾನ್ ಮತ್ತು ಸ್ಟೀಲ್ ಲೋಟ ಇಡೋಣ. ಲೋಟಕ್ಕೆ ಒಮ್ಮೆ ಖರ್ಚು, ಬಾಟಲಿಗೆ ಪ್ರತಿ ಸಲ. ಊಟಕ್ಕೆ ಥರ್ಮಾಕೋಲ್ ಅಲ್ಲದ ಹಾಳೆತಟ್ಟೆ ಅಥವಾ ಬಾಳೆಲೆ ಇರಲಿ. ಕೈ ತೊಳೆಯುವಲ್ಲಿ ಎರಡು ಡ್ರಮ್, ಅವುಗಳ ಬಳಿ ಯುವ ವಿಭಾಗದ ಇಬ್ಬರು ನಿಂತರೆ ಸಾಕು; ಮೊದಲ ಹತ್ತು ಮಂದಿ ಸರಿಯಾಗಿ ಹಾಕಿದರೆ ಉಳಿದವರೂ ಅನುಸರಿಸುತ್ತಾರೆ. ಮಹಿಳಾ ವಿಭಾಗದ ಅರಸಿನ ಕುಂಕುಮದಲ್ಲಿ ಪ್ಲಾಸ್ಟಿಕ್ ಡಬ್ಬಿಯ ಬದಲು ಬಟ್ಟೆಚೀಲ ಕೊಟ್ಟರೆ ಅದು ಮಾರುಕಟ್ಟೆಗೂ ಹೋಗುತ್ತದೆ.

ಇನ್ನೊಂದು ಕಿವಿಮಾತು. 'ಎಲ್ಲರೂ ನೋಡಿಕೊಳ್ಳೋಣ' ಎಂದರೆ ಯಾರೂ ನೋಡಿಕೊಳ್ಳುವುದಿಲ್ಲ. ಕಾರ್ಯಕಾರಿ ಸಮಿತಿಯ ಒಬ್ಬರಿಗೆ ಈ ಜವಾಬ್ದಾರಿ ಒಪ್ಪಿಸಬೇಕು. ಮಹಾಸಭೆಯಲ್ಲಿ ಕೋಶಾಧಿಕಾರಿ ಜಮಾ-ಖರ್ಚು ಓದುವಾಗ, ಹಿಂದಿನ ವರ್ಷ ಎಷ್ಟು ಬಾಟಲಿ ಕೊಂಡೆವು, ಈ ವರ್ಷ ಎಷ್ಟು ಎಂಬ ಒಂದು ಸಾಲನ್ನೂ ಓದಲಿ. ರೂಪಾಯಿಯ ಲೆಕ್ಕ ತಪ್ಪಿದರೆ ಎದ್ದು ನಿಂತು ಕೇಳುವ ನಮ್ಮ ಸದಸ್ಯ ಬಾಂಧವರು ಕಸದ ಲೆಕ್ಕವನ್ನೂ ಹಾಗೆಯೇ ಕೇಳುವಂತಾಗಲಿ.