ಉಳಿದ ಔಷಧದ ಗತಿ ಮತ್ತು ವೈದ್ಯವಿದ್ಯಾರ್ಥಿಯ ಅರಿವು

ಔಷಧವು ಶರೀರದಲ್ಲಿ ಹೇಗೆ ಹೀರಲ್ಪಡುತ್ತದೆ, ಎಲ್ಲಿ ಕಾರ್ಯವೆಸಗುತ್ತದೆ, ಯಾವ ಮಾರ್ಗವಾಗಿ ವಿಸರ್ಜಿತವಾಗುತ್ತದೆ ಎಂಬುದನ್ನು ವೈದ್ಯಕೀಯ, ಔಷಧಶಾಸ್ತ್ರ ಹಾಗೂ ಶುಶ್ರೂಷಾ ವಿದ್ಯಾರ್ಥಿಗಳು ವಿಸ್ತಾರವಾಗಿ ಅಭ್ಯಸಿಸುತ್ತಾರೆ. ರೋಗಿಯ ಮನೆಯಲ್ಲಿ ಬಳಕೆಯಾಗದೆ ಉಳಿದುದರ ಗತಿಯೇನೆಂಬ ಪ್ರಶ್ನೆಯೂ ಅಷ್ಟೇ ಗಮನಕ್ಕೆ ಅರ್ಹವಾದುದು. ಪ್ರಸ್ತುತ ಲೇಖನದಲ್ಲಿ ನಾವು ಆ ಪ್ರಶ್ನೆಯನ್ನು ವಿಚಾರಿಸಿ, ವಿದ್ಯಾರ್ಥಿಗೆ ಎಂತಹ ಅರಿವು ಅವಶ್ಯಕವೆಂಬುದನ್ನು ಸೂಚಿಸಲು ಯತ್ನಿಸುತ್ತೇವೆ.

ಅವಧಿ ಮೀರಿದೊಡನೆ ಔಷಧವು ಜಡವಾಗುವುದಿಲ್ಲ. ಪೊಟ್ಟಣದ ಮೇಲಿನ ದಿನಾಂಕವು ತಯಾರಕನ ಹೊಣೆಯ ಮಿತಿಯನ್ನು ಹೇಳುತ್ತದೆಯೇ ಹೊರತು ವಸ್ತುವಿನ ಶಕ್ತಿಯ ಅಂತ್ಯವನ್ನಲ್ಲ. ಬಚ್ಚಲಿಗೆ ಸುರಿದ ದ್ರವವು ಚರಂಡಿಯ ಮೂಲಕ ಕೆರೆ ಹೊಳೆಗಳನ್ನು ಸೇರುತ್ತದೆ. ತಿಪ್ಪೆಗೆ ಎಸೆದ ಮಾತ್ರೆಯು ಕರಗಿ ಮಳೆನೀರಿನೊಡನೆ ನೆಲಕ್ಕಿಳಿಯಬಲ್ಲುದು. ಕೊಳಚೆ ನೀರನ್ನು ಶುದ್ಧಿಗೊಳಿಸುವ ಸಾಮಾನ್ಯ ಸ್ಥಾವರಗಳು ಇಂತಹ ಅಣುಗಳನ್ನು ತೆಗೆಯುವುದಕ್ಕಾಗಿ ರಚಿತವಾದವುಗಳಲ್ಲ.

ಪ್ರಮಾಣವು ಅತ್ಯಲ್ಪವಾದುದರಿಂದ ಪರಿಣಾಮವೂ ಅಲ್ಪವೆಂದು ಭಾವಿಸಲಾಗದು. ಕೆನಡಾದ ಒಂದು ಪ್ರಾಯೋಗಿಕ ಸರೋವರಕ್ಕೆ, ಗರ್ಭನಿರೋಧಕ ಮಾತ್ರೆಗಳಲ್ಲಿರುವ ಕೃತಕ ಈಸ್ಟ್ರೋಜನ್ನನ್ನು ಲೀಟರಿಗೆ 5–6 ನ್ಯಾನೋಗ್ರಾಂ ಪ್ರಮಾಣದಲ್ಲಿ ಸೇರಿಸಲಾಯಿತು. ನ್ಯಾನೋಗ್ರಾಂ ಎಂದರೆ ಗ್ರಾಮಿನ ನೂರು ಕೋಟಿಯ ಒಂದು ಅಂಶ. ಅಷ್ಟರಿಂದಲೇ ಅಲ್ಲಿಯ ಒಂದು ಜಾತಿಯ ಸಣ್ಣ ಮೀನು ಬಹುತೇಕ ನಿರ್ನಾಮವಾದುದನ್ನು 2007ರಲ್ಲಿ ವರದಿ ಮಾಡಲಾಯಿತು. ನಮ್ಮ ದೇಶದ ಪಾಠ ಇನ್ನೂ ಕಠೋರವಾದುದು. ದನಗಳಿಗೆ ಕೊಟ್ಟ ಡೈಕ್ಲೋಫಿನಾಕ್, ಅವುಗಳ ಕಳೇಬರದ ಮೂಲಕ ರಣಹದ್ದುಗಳ ಮೂತ್ರಪಿಂಡಗಳನ್ನು ಕೆಡಿಸಿತು. ಪಶುಚಿಕಿತ್ಸೆಗಾಗಿ ಅದರ ತಯಾರಿಕೆಯನ್ನು 2006ರಲ್ಲಿ ನಿಷೇಧಿಸುವ ವೇಳೆಗೆ ಆ ಪಕ್ಷಿಗಳ ಬಹುಭಾಗ ಅಳಿದಿತ್ತು. ಅದು ಎಸೆದ ಔಷಧವಲ್ಲ, ಬಳಸಿದ ಔಷಧ ಎಂಬುದು ನಿಜ. ಆದರೆ ಔಷಧದ ಕಾರ್ಯವು ರೋಗಿಯಲ್ಲಿಯೇ ಮುಗಿಯುವುದಿಲ್ಲವೆಂಬುದಕ್ಕೆ ಅದು ಸಾಕ್ಷಿ.

ಇಲ್ಲಿ ಒಂದು ಎಚ್ಚರಿಕೆ ಅವಶ್ಯಕ. ನೀರಿನಲ್ಲಿ ದೊರೆಯುವ ಔಷಧಾಂಶದಲ್ಲಿ ಹೆಚ್ಚಿನ ಪಾಲು ಮಾನವ ವಿಸರ್ಜನೆಯಿಂದ ಬಂದುದು. ಕೆಲವೆಡೆ ಕಾರ್ಖಾನೆಗಳ ತ್ಯಾಜ್ಯದಿಂದಲೂ ಬರುತ್ತದೆ. ಎಸೆತದ ಪಾಲು ಇವುಗಳಿಗಿಂತ ಕಡಿಮೆ. ಆದರೆ ಚಿಕಿತ್ಸೆಗೆ ಯಾವ ಕುಂದೂ ಬಾರದಂತೆ ತಡೆಯಬಹುದಾದುದು ಈ ಪಾಲನ್ನೇ.

2016ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿಯಮಗಳು, ಆಸ್ಪತ್ರೆಯಲ್ಲಿ ಅವಧಿ ಮೀರಿದ ಔಷಧಗಳನ್ನು ಹಳದಿ ವರ್ಗಕ್ಕೆ ಸೇರಿಸಿ, ದಹನಕ್ಕೆ ಕಳುಹಿಸಬೇಕು ಅಥವಾ ತಯಾರಕನಿಗೆ ಹಿಂದಿರುಗಿಸಬೇಕೆಂದು ವಿಧಿಸಿದವು. ವಾರ್ಡಿನಲ್ಲಿ ಹಳದಿ ಚೀಲವನ್ನು ಗುರುತಿಸಬಲ್ಲ ವಿದ್ಯಾರ್ಥಿಯು ತನ್ನ ಮನೆಯ ಹಳೆಯ ಮಾತ್ರೆಗಳನ್ನು ಕಸದ ಬುಟ್ಟಿಗೆ ಹಾಕಿದರೆ, ಅವನು ಕಲಿತದ್ದು ಬಣ್ಣವನ್ನು ಮಾತ್ರ, ಕಾರಣವನ್ನಲ್ಲ. "ಬಚ್ಚಲಿಗೆ ಸುರಿಯಬೇಡ" ಎಂಬ ಸೂತ್ರವನ್ನು ಬಾಯಿಪಾಠ ಮಾಡಿದರೂ ಸಾಲದು. ಕೇಂದ್ರದ ಔಷಧ ನಿಯಂತ್ರಣ ಸಂಸ್ಥೆಯು 2025ರಲ್ಲಿ ಹೊರಡಿಸಿದ ಮಾರ್ಗದರ್ಶಿಯು ಫೆಂಟನಿಲ್, ಟ್ರಮಡಾಲ್ ಮೊದಲಾದ 17 ಔಷಧಗಳನ್ನು ಶೌಚದ ನೀರಿನಲ್ಲಿಯೇ ಹರಿಯಬಿಡುವಂತೆ ಸೂಚಿಸಿತು; ಏಕೆಂದರೆ ಅವು ಮಗುವಿನ ಕೈಗೆ ಸಿಕ್ಕರೆ ಒಂದೇ ಮಾತ್ರೆಯೂ ಮಾರಕವಾಗಬಹುದು. ಇಲ್ಲಿ ಎರಡು ಅಪಾಯಗಳನ್ನು ತೂಗಿ ನೋಡುವ ವಿವೇಕ ಬೇಕು.

ಆದಕಾರಣ ಅರಿವಿನ ಪರೀಕ್ಷೆಯು "ಔಷಧವು ಪರಿಸರಕ್ಕೆ ಹಾನಿಕರವೇ?" ಎಂಬ ಪ್ರಶ್ನೆಗೆ ನಿಲ್ಲಬಾರದು, ಅದಕ್ಕೆ ಹೌದೆನ್ನುವುದು ಸುಲಭ. ಈ ಔಷಧ ಏಕೆ ಉಳಿಯಿತು, ಐದು ದಿನಗಳಿಗೆ ಸಾಲುವಲ್ಲಿ ಹತ್ತು ದಿನಗಳಿಗೆ ಬರೆದವರು ಯಾರು, ಉಳಿದುದನ್ನು ಏನು ಮಾಡಬೇಕೆಂದು ರೋಗಿಗೆ ತಿಳಿಸಿದವರುಂಟೆ ಎಂದೂ ಕೇಳಬೇಕು. ಔಷಧಚೀಟಿಯನ್ನು ಬರೆಯುವ ಗಳಿಗೆಯಲ್ಲಿಯೇ ತ್ಯಾಜ್ಯದ ಪ್ರಮಾಣವೂ ಬಹುಮಟ್ಟಿಗೆ ನಿಶ್ಚಿತವಾಗುತ್ತದೆ. ಇದನ್ನು ಮನಗಂಡ ವಿದ್ಯಾರ್ಥಿಯೇ ನಿಜವಾಗಿ ಅರಿತವನೆಂದು ನಾವು ಭಾವಿಸುತ್ತೇವೆ.