ಜಾರಿದ ಸೂಜಿ, ಎಚ್ಚೆತ್ತ ಅಂಡ

ಒಂದು ಸೂಜಿ ಜಾರಿತು, ಅಷ್ಟೇ! ಬ್ರಸೆಲ್ಸ್‌ನ ವಿಶ್ವವಿದ್ಯಾಲಯದ ಆಸ್ಪತ್ರೆ, ತೊಂಬತ್ತರ ದಶಕದ ಹೊಸ್ತಿಲು. ಇಟಲಿಯ ವೈದ್ಯ ಜಾನ್‌ಪಿಯೆರೊ ಪಲೆರ್ಮೊ ಸೂಕ್ಷ್ಮದರ್ಶಕದಡಿ ವೀರ್ಯಾಣುಗಳನ್ನು ಅಂಡದ ಹೊರಪದರದ ಕೆಳಗೆ ಬಿಡುತ್ತಿದ್ದರು. ಅಂಡವೋ, ಮಿಲಿಮೀಟರಿನ ಹತ್ತರಲ್ಲೊಂದು ಪಾಲು! ಕೂದಲಿಗಿಂತ ಸಪೂರದ ಗಾಜಿನ ಸೂಜಿ ಒಂದು ಪೊರೆ ಹೆಚ್ಚಿಗೆ ದಾಟಿತು. ಒಂದೇ ಒಂದು ವೀರ್ಯಾಣು ಅಂಡದ ಒಡಲೊಳಕ್ಕೇ ಹೋಗಿಬಿಟ್ಟಿತು. ಕೆಟ್ಟೇಹೋಯಿತು ಎನ್ನಬೇಕಾದ ಆ ಅಂಡ ಫಲಿಸಿತ್ತು! 1992ರಲ್ಲಿ ಈ ವಿಧಾನದ ಮೊದಲ ಮಗು ಹುಟ್ಟಿತು. ಇಂದು ನಮ್ಮ ಊರುಗಳ ಬಂಜೆತನ ಚಿಕಿತ್ಸಾಲಯಗಳ ಫಲಕದಲ್ಲಿ ಕಾಣುವ ‘ಇಕ್ಸಿ’ ಅದೇ.

ಆದರೆ ನನಗೆ ಮೈ ನವಿರೇಳುವುದು ಆ ಸೂಜಿ ಜೀವವಿಜ್ಞಾನಿಗಳ ಹಳೆಯ ವಾದವೊಂದಕ್ಕೆ ಕೊಟ್ಟ ತಿರುವಿನಿಂದ. ಫಲಿಸುವ ತನಕ ಮಲಗಿದಂತಿರುವ ಅಂಡವನ್ನು ಎಚ್ಚರಿಸುವುದು ಯಾವುದು?

ಎಚ್ಚರಾಗುವ ಗಳಿಗೆಯನ್ನು ಎಪ್ಪತ್ತರ ದಶಕದ ಕೊನೆಗೇ ಕಂಡಿದ್ದರು. ಮೆಡಾಕಾ ಎಂಬ ಪುಟ್ಟ ಮೀನಿನ ಅಂಡದೊಳಗೆ ಜೆಲ್ಲಿಫಿಶ್‌ನ ಹೊಳೆಯುವ ಪ್ರೋಟೀನು ಸೇರಿಸಿ ಕಾದರೆ, ಫಲಿಸುವ ಹೊತ್ತಿಗೆ ಅಂಡದಲ್ಲಿ ಬೆಳಕು ಹರಿಯಿತು. ಕ್ಯಾಲ್ಸಿಯಂ ಏರಿದ ಗುರುತು! ಸಸ್ತನಿಗಳಲ್ಲಂತೂ ಗಂಟೆಗಟ್ಟಲೆ ಅಲೆಯ ಮೇಲೆ ಅಲೆ.

ವೀರ್ಯಾಣು ಹೊರಗಿನಿಂದ ಬಾಗಿಲು ತಟ್ಟಿ ಎಬ್ಬಿಸುತ್ತದೋ, ಏನನ್ನಾದರೂ ಒಳಗೆ ಹೊತ್ತು ತರುತ್ತದೋ? ವರ್ಷಗಟ್ಟಲೆ ವಾದ. ಇಕ್ಸಿಯಲ್ಲಿ ತಟ್ಟುವ ಮಾತೇ ಇಲ್ಲ, ಆದರೂ ಅಲೆಗಳು ಎದ್ದವು! ಗುಟ್ಟು ವೀರ್ಯಾಣುವಿನ ಒಳಗೇ ಇರಬೇಕು. 2002ರಲ್ಲಿ ಬ್ರಿಟನ್ನಿನ ಟೋನಿ ಲೈ, ಕಾರ್ಲ್ ಸ್ವಾನ್ ಮತ್ತು ಸಂಗಡಿಗರು ಅದನ್ನು ಹಿಡಿದೇಬಿಟ್ಟರು: ಪಿಎಲ್‌ಸಿ ಝೀಟಾ ಎಂಬ ಪ್ರೋಟೀನು. ಅದನ್ನು ಕಟ್ಟುವ ಸೂಚನೆ ಹೊತ್ತ ಆರ್‌ಎನ್‌ಎಯನ್ನಷ್ಟೇ ಇಲಿಯ ಅಂಡಕ್ಕೆ ಚುಚ್ಚಿದರು. ವೀರ್ಯಾಣುವೇ ಇಲ್ಲ, ಅಂಡ ಎಚ್ಚೆತ್ತು, ಎರಡಾಗಿ, ನಾಲ್ಕಾಗಿ, ಎಳೆಯ ಭ್ರೂಣದ ಹಂತಕ್ಕೆ ಬೆಳೆದೇಬಿಟ್ಟಿತು!

ಅಲ್ಲಿಂದ ವಿಷಯ ಮತ್ತೆ ಆಸ್ಪತ್ರೆಗೆ ಬಂತು. ಇಕ್ಸಿ ಮಾಡಿಸಿದರೂ ಪ್ರತಿ ಸಲ ಅಂಡ ಫಲಿಸದೆ, ಕಾರಣವೂ ತಿಳಿಯದೆ ಬರಿಗೈಯಲ್ಲಿ ಮರಳುವ ದಂಪತಿಗಳಿದ್ದರು. ಅಂಥ ಕೆಲವು ಗಂಡಸರ ವೀರ್ಯಾಣುಗಳಲ್ಲಿ ಈ ಪ್ರೋಟೀನು ಇರಲೇ ಇಲ್ಲ, ಇಲ್ಲವೇ ಕೆಟ್ಟಿತ್ತು! ಈಗ ಹಾಗಿರುವಲ್ಲಿ, ಕ್ಯಾಲ್ಸಿಯಂ ಒಳನುಗ್ಗುವಂತೆ ಮಾಡುವ ದ್ರಾವಣದಲ್ಲಿ ಅಂಡವನ್ನು ಕೊಂಚ ಹೊತ್ತು ಇಟ್ಟು ಎಬ್ಬಿಸುತ್ತಾರೆ.

ಇನ್ನೂ ಮುಗಿದಿಲ್ಲ. ಈ ಪ್ರೋಟೀನೇ ಇಲ್ಲದಂತೆ ಮಾಡಿದ ಗಂಡಿಲಿಗಳಿಗೂ ಮರಿಗಳು ಹುಟ್ಟಿವೆ. ಕಡಿಮೆ, ಆದರೆ ಹುಟ್ಟಿವೆ! ಅಂದರೆ ಅಂಡವನ್ನು ಎಬ್ಬಿಸಲು ಇನ್ನೊಂದು ದಾರಿಯಿದೆ.